ಪ್ಯಾರಾ ಆರು

ತೀರ್ಪಿನ ನಕಲಿನ ಬೆನ್ನಿಗೆ ತಾರೀಖಿನ ಮುದ್ರೆಗಳು:
ಅರ್ಜಿ ಹಾಕಿದ್ದು, ನಕಲು ತಯಾರಾದದ್ದು.
ನಡುವಿನ ಹತ್ತೊಂಬತ್ತು ದಿನ ಲೆಕ್ಕಕ್ಕಿಲ್ಲ,
ಕಾನೂನೇ ಬಿಟ್ಟುಕೊಟ್ಟಿದೆ.
ಹೈಕೋರ್ಟಿನ ಮೆಟ್ಟಿಲಿಗೆ ತೊಂಬತ್ತು.
ಅದೂ ಇದೂ ಕಳೆದ ಮೇಲೆ
ಸಂಪಂಗಮ್ಮನ ಪಾಲಿಗೆ ಉಳಿದದ್ದು
ನಲವತ್ತೊಂದು ದಿನದ ತಡ.

ಮನೆಯ ಮಾತು ಆಮೇಲೆ.
ಮೊದಲು ತಡವಾದದ್ದಕ್ಕೆ ಮನ್ನಿಸಿ ಅನ್ನಬೇಕು.
'ಒಂದೊಂದು ದಿನಕ್ಕೂ ಕಾರಣ ಬೇಕಮ್ಮ' ಎಂದೆ.

ಕೆ.ಜಿ. ರಸ್ತೆಯ ಈ ಮೆಟ್ಟಿಲ ಕೆಳಗೆ ಕೂತು ಮೂವತ್ತು ವರ್ಷ,
ನನ್ನ ಬೆರಳಿನಿಂದ ಅರ್ಧ ಬೆಂಗಳೂರಿಗೆ ಕಾಮಾಲೆ ಬಂದಿದೆ.
ಯಶವಂತಪುರದ ಈರುಳ್ಳಿ ಮಂಡಿಯವನಿಗೆ,
ಹಲಸೂರಿನ ಅಣ್ಣತಮ್ಮಂದಿರಿಗೆ ಒಂದೇ ವಾರ,
ಒಬ್ಬ ಪೈಲ್ವಾನನಿಗೆ, ಪಾಪ, ಎರಡು ಸಲ.
ಸರ್ಟಿಫಿಕೇಟಿಗೂ ಜಾಗವಿದೆ; ಎಲ್ಲಿ ಅಂತ ಹೇಳುವುದಿಲ್ಲ.

'ನಂಗೆ ಬಂದಿಲ್ಲ' ಎಂದಳು.
'ನಮ್ಮಪ್ಪ ಹೋಗಿದ್ದು ಅದರಲ್ಲೇ.
ಸುಳ್ಳಿಗೆ ಅದನ್ನ ಕರೀಬೇಡಿ.'

ಕಬ್ಬನ್‌ಪೇಟೆಯಲ್ಲಿ ಹತ್ತಡಿ ಅಗಲದ ಮನೆ,
ಕೆಳಗೆ ರೇಷ್ಮೆ ಹುರಿಯ ಮಿಷಿನ್ನು, ಮೇಲೆ ಎರಡು ಕೋಣೆ.
ಹಕ್ಕು ಬಿಟ್ಟ ಪತ್ರದಲ್ಲಿ ಸಹಿ ನಿನ್ನದೇ, ಎಂದಿತು ಕೆಳಗಿನ ಕೋರ್ಟು.
ಸಹಿ ಅವಳದೇ. ಓದಿ ಹೇಳಿದವರು ಯಾರೂ ಇರಲಿಲ್ಲ.
ದಾವಾ ವಜಾ.

'ಬರಕೊಳಿ' ಎಂದಳು.
'ಮೊದಲ ಹತ್ತು ದಿನ ಸಿಟ್ಟು.
ಅನ್ನ ಸೀದದ್ದೂ ತಿಳೀಲಿಲ್ಲ.
ಆಮೇಲೆ ಆರು ದಿನ ವಕೀಲರ ಫೀಸಿಗೆ ಚೀಟಿ ಎತ್ತಕ್ಕೆ ಕಾದೆ,
ಬೇರೆಯೋರು ಕೂಗಿಬಿಟ್ರು.
ಇಪ್ಪತ್ನಾಲ್ಕನೇ ದಿನ ಮುನಿಚಿನ್ನನ ಮಗಳು ದೊಡ್ಡೋಳಾದಳು.
ಚಿಗಳಿ ಉಂಡೆ ಅತ್ತೆ ತಾನೆ ಕಟ್ಟಬೇಕು?
ಕಟ್ಟಿ, ಪಕ್ಕದ ಮನೆ ಹುಡುಗನ ಕೈಲಿ ಕಳಿಸಿದೆ.
ಡಬ್ಬಿ ವಾಪಸ್ ಬಂತು, ತೊಳೆದು,
ಒಂದು ಚಿಟಿಕೆ ಸಕ್ಕರೆ ಕೂಡ ಇಲ್ಲದೆ.
ಮಿಕ್ಕಿದ ದಿನ ಕಾಯ್ತಾ ಇದ್ದೆ.'

ಏನಕ್ಕೆ?

'ಬಂದು ಅಕ್ಕಾ ಅಂತಾನೇನೋ ಅಂತ.'

ಸಾಕಷ್ಟು ಕಾರಣ ಇರಬೇಕು ಎನ್ನುತ್ತದೆ ಕಾನೂನು,
ಯಾರಿಗೆ ಸಾಕು ಎನ್ನುವುದಿಲ್ಲ.
ಪ್ಯಾರಾ ಆರರಲ್ಲಿ ನಾನು ಇಂಗ್ಲಿಷಿನಲ್ಲಿ ಹೊಡೆದೆ:
ಹಿರಿಯರ ಮಧ್ಯಸ್ಥಿಕೆಯಲ್ಲಿ ರಾಜಿ ಮಾತುಕತೆ ನಡೆದಿತ್ತಾದ್ದರಿಂದ.
ಹಿರಿಯರು ಯಾರೂ ಇರಲಿಲ್ಲ.
ನಡುವೆ ಓಡಾಡಿದ್ದು ಒಂದು ಡಬ್ಬಿ.
ಕೊನೆಯಲ್ಲಿ ಎಂದಿನ ಸಾಲು,
ಕನ್ನಡದಲ್ಲಿ ಓದಿ ಹೇಳಲಾಗಿದೆ, ಒಪ್ಪಿರುತ್ತಾರೆ.
ಈ ಸಲ ನಿಜವಾಗಿ ಓದಿ ಹೇಳಿದೆ.
ಸಹಿಗೆ ಮೊದಲು ಪೆನ್ನು ಹಿಡಿದು ತುಂಬ ಹೊತ್ತು ಕೂತಳು.

ವಾರ ಬಿಟ್ಟು ಆಫೀಸ್ ಆಬ್ಜೆಕ್ಷನ್ ಬಂತು, ಕೆಂಪು ಶಾಯಿ:
ಹದಿನೇಳರಿಂದ ಇಪ್ಪತ್ಮೂರನೇ ದಿನದವರೆಗೆ ವಿವರಣೆ ಇಲ್ಲ.
ಅಲ್ಲಿ ಕೂತವನು ಯಾರೋ,
ಬೆರಳು ಮಡಚಿ ಎಣಿಸಿದ್ದಾನೆ.

ಫೋನು ಮಾಡಿದೆ. ಕುಕ್ಕರಿನ ಮೂರು ಕೂಗು ಮುಗಿಯುವತನಕ
ಮಾತೇ ಇಲ್ಲ.

'ಆ ವಾರ ಬಂದಿದ್ದ' ಎಂದಳು.
'ರಾತ್ರಿ. ಬಾಗಿಲವರೆಗೂ.
ಚಪ್ಪಲಿ ಎಳೆಯೋ ಸದ್ದು ಗೊತ್ತಾಗಲ್ವಾ,
ಅವನಿಗೆ ನಡೆಯೋದು ಕಲಿಸಿದ್ದೇ ನಾನು.
ಚಿಲಕಕ್ಕೆ ಕೈ ಹೋಯ್ತು. ತೆಗೀಲಿಲ್ಲ.
ಮಾರನೇ ದಿನದಿಂದ ಅದೇ ಹೊತ್ತಿಗೆ ಎದ್ದು ಕೂತ್ಕೊಂಡೆ,
ದೀಪ ಹಾಕ್ಕೊಂಡು.
ಮತ್ತೆ ಬರಲಿಲ್ಲ.'

ಕೌಂಟರು ನಾಲ್ಕೂವರೆಗೆ ಮುಚ್ಚುತ್ತದೆ.
ಪರದೆಯ ಮೇಲೆ ಕಡ್ಡಿ
ಮಿನುಗಿತು, ಆರಿತು, ಮಿನುಗಿತು.

'ಅದನ್ನೆಲ್ಲ ಜಡ್ಜಿಗೆ ಹೇಳಬೇಡಿ' ಎಂದಳು.
'ಆ ಏಳು ದಿನಕ್ಕೆ
ನಿಮ್ಮ ಕಾಮಾಲೆನೇ ಹಾಕ್ಕೊಳಿ.'