ಅಂತೆ

ಶಿಡ್ಲಘಟ್ಟದ ಬೆಳಗಿನ ಜಾವ. ನಮ್ಮ ರೀಲಿಂಗ್ ಯೂನಿಟ್ಟಿನಲ್ಲಿ
ಬೇಸಿನ್ನಿನ ನೀರಿಗಿಂತ ಮೊದಲು ಅಮೆರಿಕ ಕುದಿಯುತ್ತಿತ್ತು.

ಸೌದೆ ಇಳಿಸಲು ಬಂದ ಪಿಳ್ಳಮುನಿಶಾಮಿ ಫೋನು ಎತ್ತಿ ಹಿಡಿದಿದ್ದ:
ಯಾವುದೋ ರಾಜ್ಯದ ಸೆನೆಟರು, ಹನ್ನೆರಡು ಸೆಕೆಂಡು,
‘ನಿಮ್ಮ ಮಕ್ಕಳ ಸ್ಕೂಲು ಮುಚ್ಚುತ್ತೇನೆ’ ಅನ್ನುತ್ತಾನೆ.
‘ಬಾಯಿಬಿಟ್ಟೇ ಹೇಳವ್ನಲ್ಲ ಸಾಬ್ರೇ, ಇನ್ನೇನು ಬೇಕು?’
ದಸ್ತಗೀರ್ ಸಾಬರು ಟೀ ಲೋಟ ಕೆಳಗಿಟ್ಟರು.
‘ಹಿಂದೆ ಮುಂದೆ ಏನೈತೋ ಅದನ್ನ ತೋರ್ಸಪ್ಪ ಮೊದ್ಲು.’

ಇಬ್ಬರಿಗೂ ಅಲ್ಲಿ ವೋಟಿಲ್ಲ.
ಸಾಬರ ಪಾಸ್‌ಪೋರ್ಟಿನಲ್ಲಿ ಹಜ್ಜಿನ ಮೊಹರು ಒಂದೇ,
ಪಿಳ್ಳಮುನಿಶಾಮಿಯ ಆಟೋ ಚಿಂತಾಮಣಿ ದಾಟಿದ್ದು ಕಡಿಮೆ.
ಆದರೂ ಆ ಮನುಷ್ಯನಿಗಾಗಿ ಎರಡು ದಿನ
ಒಬ್ಬರ ಮುಖ ಒಬ್ಬರು ನೋಡದೆ ಸೌದೆ ತೂಗಿದರು.

ಕೊನೆಗೆ ನನ್ನ ಕಡೆ ತಿರುಗಿದರು.
ಪಿಯುಸಿ ಡುಮ್ಕಿ ನಾನು, ಇಂಗ್ಲಿಷೊಂದರಲ್ಲಿ ಪಾಸು.
‘ಗಂಗರತ್ನ, ನೀನೇ ಕೇಳಿ ಹೇಳಮ್ಮ.’

ಬಿಸಿನೀರಲ್ಲಿ ನೆನೆದು ಸುಕ್ಕಾದ ಬೆರಳನ್ನು ಫೋನು ಒಪ್ಪುವುದಿಲ್ಲ.
ಗೆಣ್ಣಿನಿಂದ ಒತ್ತಿ ಒತ್ತಿ ಇಡೀ ಭಾಷಣ ಹುಡುಕಿದೆ:
ಒಂದು ಗಂಟೆ ಹತ್ತು ನಿಮಿಷ, ನನ್ನದೇ ಡೇಟಾ.
ಊಟದ ಹೊತ್ತಿಗೆ, ನಲವತ್ತೊಂದನೇ ನಿಮಿಷದಲ್ಲಿ, ಸಿಕ್ಕಿತು.
‘ಅವರು ನಿಮಗೆ ಹೇಳುತ್ತಾರೆ’ ಅಂದು ಒಂದು ಉಸಿರು ಬಿಟ್ಟು
ಆಮೇಲೆ ಅಂದಿದ್ದಾನೆ ಆ ಮಾತು.
ಅಂದರೆ, ನಮ್ಮ ಬಾಯಲ್ಲಿ:
ನಾನು ಸ್ಕೂಲು ಮುಚ್ಚುತ್ತೀನಂತೆ.

ಒಂದು ‘ಅಂತೆ’.
ಇಂಗ್ಲಿಷಿಗೆ ಅದು ತಲೆಯಲ್ಲಿರುತ್ತದೆ, ತಲೆ ತೆಗೆದಿದ್ದರು.
ಕನ್ನಡಕ್ಕಾದರೆ ಬಾಲದಲ್ಲಿ, ಬಾಲ ಕೊಯ್ಯುತ್ತಿದ್ದರು, ಅಷ್ಟೇ.
ಕತ್ತರಿ ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ.
ತುಂಡು ತುಂಡು ಬರುತ್ತದೆ, ಜೊಂಡು ಬರುತ್ತದೆ.
ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ.

ಸಾಬರು ಮೀಸೆಯಡಿ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು ನಾನು.

ಎಳೆ ಸಿಕ್ಕಮೇಲೆ ಕೈ ಸುಮ್ಮನಿರುವುದಿಲ್ಲ. ಇನ್ನಷ್ಟು ಎಳೆದೆ.
ಎರಡು ವರ್ಷದ ಹಿಂದೆ ಇದೇ ಮನುಷ್ಯ
ಹಳ್ಳಿಮಕ್ಕಳ ಸ್ಕೂಲ್ ಬಸ್ಸಿನ ದುಡ್ಡು ಕಡಿಯುವ ಮಸೂದೆಗೆ ಹೂಂ ಅಂದಿದ್ದ.
ಈಗ ಪಿಳ್ಳಮುನಿಶಾಮಿ ನಕ್ಕ.
ಅದೇ ಮಸೂದೆಯ ಮಡಿಲಲ್ಲಿ ನೆರೆ ಬಂದ ಊರುಗಳಿಗೆ ಪರಿಹಾರವೂ ಇತ್ತು,
ಒಂದಕ್ಕೆ ಹೂಂ ಅಂದರೆ ಎರಡಕ್ಕೂ ಹೂಂ.
ಕಡಿತ ಹನ್ನೆರಡು ಪರ್ಸೆಂಟು ಅಂತ ಒಬ್ಬರು, ನಾಲ್ಕು ಅಂತ ಇನ್ನೊಬ್ಬರು,
ಎಷ್ಟರಲ್ಲಿ ಎಷ್ಟು ಅನ್ನುವುದು ಇಬ್ಬರಲ್ಲೂ ಇಲ್ಲ.

ಗೂಡಿನ ರೇಟು ಕೂಗಿದರೆ ಸಾಬರು ಹೂಂ ಅನ್ನುವವರಲ್ಲ.
ರೆಂಡಿಟ್ಟ ಎಷ್ಟು, ಕೇಳುತ್ತಾರೆ:
ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಯಬೇಕು?
ಆ ಪ್ರಶ್ನೆಯನ್ನು ಅಮೆರಿಕಕ್ಕೆ ಕೇಳಿದೆ ಅಂದಾಗ
ಇಬ್ಬರೂ ನನ್ನನ್ನು, ಬೇಯದ ಗೂಡನ್ನು ನೋಡುವ ಹಾಗೆ, ನೋಡಿದರು.
‘ಅದೆಲ್ಲ ಇರ್ಲಿ, ಕೊನೆಗೆ ಅವನು ಒಳ್ಳೆಯವನೋ ಕೆಟ್ಟವನೋ?’
‘ಆ ಮಾತು ಅವನು ಆಡಿಲ್ಲ. ಆ ಕೆಲಸ ಮಾಡಿದ್ದಾನೆ, ಸ್ವಲ್ಪ.’
‘ಸ್ವಲ್ಪ ಅಂದ್ರೆ?’
ಬಾಯ್ಲರ್ ಕೂಗಿತು.

ರಾತ್ರಿ ನಿದ್ದೆ ಬರಲಿಲ್ಲ, ಸೆನೆಟರನ ದೆಸೆಯಿಂದಲ್ಲ.
ಹೋದ ತಿಂಗಳು ನಲ್ಲಿಯ ಹತ್ತಿರ ಯಾರೋ ಅಂದಿದ್ದರು,
ಅಂಗನವಾಡಿ ಟೀಚರು ಮಕ್ಕಳ ಮೊಟ್ಟೆ ಮಾರಿಕೊಳ್ಳುತ್ತಾರಂತೆ.
ನಾನು ಮೂವರಿಗೆ ದಾಟಿಸಿದೆ.
ಮೊದಲನೆಯವಳಿಗೆ ‘ಅಂತೆ’ ಸೇರಿಸಿಯೇ ಹೇಳಿದ್ದೆ, ಆಣೆಗೂ.
ಮೂರನೆಯವಳಿಗೆ?

ಟೀಚರು ಈಗ ನಮ್ಮ ಓಣಿಯಲ್ಲಿ ಬರುವುದಿಲ್ಲ,
ಸುತ್ತು ಹಾಕಿ ಕೆರೆ ಏರಿಯ ಮೇಲೆ ಹೋಗುತ್ತಾರೆ.
ನಾಲ್ಕೂವರೆಗೆ ಎದ್ದು ಬೇಸಿನ್ನಿನ ಮುಂದೆ ಕೂತಿದ್ದೇನೆ.
ಕುದಿನೀರಲ್ಲಿ ಗೂಡುಗಳು ಹೊರಳುತ್ತಿವೆ.
ಒಂದರ ತುದಿ ಕೈಗೆ ಹತ್ತುತ್ತಿಲ್ಲ.