ಮೂಗುಪಟ್ಟಿ

ಗುತ್ತಲು ರಸ್ತೆಯ ಮೆಡಿಕಲ್ಲಿನ ಹುಡುಗ ಮುಜೀಬ
ಹತ್ತು ಪಟ್ಟಿಯ ಡಬ್ಬಿ ಕೌಂಟರಿನ ಮೇಲಿಟ್ಟು ಹೇಳಿದ:
ಮೂಗಿನ ಜಿಡ್ಡು ಸೋಪಲ್ಲಿ ತೊಳೀರಿ ಅಕ್ಕ,
ಒರೆಸಿ, ಒಣಗಿದ ಮೇಲೆ ಅಂಟಿಸಿ.
ಬೆಳಿಗ್ಗೆ ಬಿಸಿನೀರು ಹಚ್ಚಿ ಬಿಡಿಸಿ, ಕೀಳಬೇಡಿ.
ನಾನು ಟೈಲರ್. ಅಂಟಿಸೋದು ಹೇಳಿಕೊಡಬೇಕೆ ನನಗೆ?
ಕಾಲರಿನೊಳಗಿನ ಕ್ಯಾನ್ವಾಸಿನ ಜಾತಿಯೇ ಇದು,
ಬಾಗಿಸಿದರೆ ನೆಟ್ಟಗಾಗಲು ಹಟ ಮಾಡುತ್ತದೆ;
ಆ ಹಟವೇ ಹೊಳ್ಳೆಗಳನ್ನು ಎರಡೂ ಕಡೆ ಎಳೆದು
ಬಾಗಿಲು ತೆರೆದಿಡುತ್ತದಂತೆ.

ಇವರು ಮೊದಲು ನಕ್ಕರು.
ಎತ್ತಿಗೆ ಮೂಗುದಾರ, ನನಗೆ ಇದು, ಅಂದರು.
ಆದರೂ ಅಳತೆ ಕೊಡುವವರ ಹಾಗೆ ಕತ್ತೆತ್ತಿ ನಿಂತರು.
ಎಡಕ್ಕೆ ಸೊಟ್ಟಗಿರುವ ಮೂಗು.
ಎಂಬತ್ತೊಂಬತ್ತರಲ್ಲಿ ಪಾಂಡವಪುರದ ಮ್ಯಾಚಿನಲ್ಲಿ
ಯಾರದೋ ಮೊಣಕಾಲು ತಾಗಿ ಮುರಿದದ್ದು.
ಒಂದೇ ಉಸಿರಲ್ಲಿ ಎದುರಿನವರ ಅಂಗಳ ಹೊಕ್ಕು
ಕಬಡ್ಡಿ ಕಬಡ್ಡಿ ಅನ್ನುತ್ತಲೇ ಇಬ್ಬರನ್ನು ಮುಟ್ಟಿ
ಮೂವರು ಕಾಲು ಹಿಡಿದರೂ ತೆವಳಿ ಬಂದು
ಬೆರಳ ತುದಿಯಲ್ಲಿ ಗೆರೆ ಮುಟ್ಟುತ್ತಿದ್ದರಂತೆ.
ನಾನು ನೋಡಿಲ್ಲ. ಮದುವೆಯಾಗುವಷ್ಟರಲ್ಲಿ
ಕಬ್ಬಿನ ತೂಕದ ಚೀಟಿ ಬರೆಯುವ ಕೆಲಸ,
ಸಣ್ಣದೊಂದು ಹೊಟ್ಟೆ, ಎರಡೂ ಬಂದಿದ್ದವು.

ನಾನು ನೋಡಿದ್ದು ರಾತ್ರಿಯ ಆಟ.
ಗೊರಕೆ, ಗೊರಕೆ, ಗೊರಕೆ, ಆಮೇಲೆ
ಏನೂ ಇಲ್ಲ.
ಗೋಡೆಯಾಚೆಯ ಪುಟ್ಟತಾಯಮ್ಮನಿಗೆ ಗೊರಕೆಯಿಂದ ನಿದ್ದೆಯಿಲ್ಲ,
ನನಗೆ ಅದು ನಿಂತಾಗ.
ಕತ್ತಲಲ್ಲಿ ಕೂತು ಎಣಿಸುತ್ತೇನೆ, ಹನ್ನೊಂದು, ಹನ್ನೆರಡು,
ಎಲ್ಲಿಗೆ ಹೋದರು, ಯಾರು ಹಿಡಿದಿದ್ದಾರೆ ಕಾಲು,
ಬನ್ನಿ, ಗೆರೆ ಇಲ್ಲೇ ಇದೆ, ಈ ಚಾಪೆಯ ಅಂಚು.
ಹದಿನೇಳಕ್ಕೆ ಒಂದು ಗುಟುಕು ಗಾಳಿ ಎಳೆದು
ಬಂದುಬಿಡುತ್ತಾರೆ, ಬೆವರಿ, ಏನೂ ಗೊತ್ತಿಲ್ಲದೆ.

ಪಟ್ಟಿ ಗೊರಕೆಯನ್ನು ಕಾಲುಭಾಗ ತಗ್ಗಿಸಿತು.
ಎಣಿಕೆಯನ್ನು ತಗ್ಗಿಸಲಿಲ್ಲ.
ಇದು ಮೂಗಿನದಲ್ಲ, ಗಂಟಲಿನದು, ಅಂದರು ಡಾಕ್ಟರು;
ಮೈಸೂರಲ್ಲಿ ಒಂದು ರಾತ್ರಿ
ಮೈಗೆಲ್ಲ ವೈರು ಕಟ್ಟಿಸಿಕೊಂಡು ಮಲಗಬೇಕಂತೆ.
ಕಬ್ಬು ಅರೆಯೋದು ಮುಗೀಲಿ, ಅಂತಾರೆ ಇವರು.
ಮುಗೀಲಿ ಅಂತ ನಾನೂ ಸುಮ್ಮನಿದ್ದೆ, ಎರಡು ದಿನ.
ಮೂರನೆಯ ದಿನ ನಾನೇ ಫೋನು ಮಾಡಿ ತಾರೀಕು ಹಿಡಿದೆ.

ಡಬ್ಬಿಯಲ್ಲಿ ಒಂದು ಪಟ್ಟಿ ಉಳಿದಿತ್ತು.
ಸುಮ್ಮನೆ, ಕನ್ನಡಿಯ ಮುಂದೆ, ಮೂಗುಬೊಟ್ಟು ತಪ್ಪಿಸಿ
ನನಗೇ ಅಂಟಿಸಿಕೊಂಡೆ.
ಅಯ್ಯೋ,
ಇಷ್ಟು ಗಾಳಿ ಇತ್ತೆ ಈ ಮನೆಯಲ್ಲಿ!
ಇಪ್ಪತ್ತು ವರ್ಷ ಬಟ್ಟೆಯ ಜುಂಗು ತುಂಬಿದ ಮೂಗಿಗೆ
ಒಂದೊಂದೇ ಬಂದವು: ಮೆಷಿನ್ನಿನ ಎಣ್ಣೆ,
ಮೊರದಲ್ಲಿದ್ದ ಅವರೆಕಾಯಿಯ ಸೊಗಡು,
ಕಾರ್ಖಾನೆ ಕಡೆಯಿಂದ ಕಾಕಂಬಿಯ ಹುಳಿಸಿಹಿ,
ಇವರ ಬನಿಯನ್ನಿನ ಬೆವರು.
ಹೊಸತರಲ್ಲಿ ಇದ್ದದ್ದೇ. ಮರೆತೇಹೋಗಿತ್ತು.

ಅಷ್ಟರಲ್ಲಿ ಗೊರಕೆ ನಿಂತಿತು.
ನಾನೂ ಎದೆ ತುಂಬ ಎಳೆದುಕೊಂಡು
ಬಿಡದೆ ಕೂತೆ, ನೋಡೋಣ ಅಂತ, ಜೊತೆಗೆ.
ಒಂಬತ್ತಕ್ಕೆ ನಾನು ಔಟು.
ಅವರಿನ್ನೂ ಆಚೆಯೇ.