ನಡಾವಳಿ

ಹಾಜರಿದ್ದವರು: ನಾವು ಮೂವರು, ಒಬ್ಬ ಅತಿಥಿ,
ಗೂಸ್ ಬೇಯಿಂದ ಫೋನಿನೊಳಗೆ ಅಧ್ಯಕ್ಷೆ ಗ್ವೆನ್,
ಮತ್ತು ಕರೆಯದೆ ಬಂದ ಗಾಳಿ.
ಸೇಂಟ್ ಜಾನ್ಸ್ ಊರಲ್ಲಿ ಏಪ್ರಿಲ್ ಅಂದರೆ
ಬಂದರಿನ ಬಾಯಲ್ಲಿ ಇನ್ನೂ ಹಿಮಗಡ್ಡೆ,
ನುಂಗಲಾಗದ, ಉಗುಳಲಾಗದ ತುತ್ತು.
ನಮ್ಮ ಕಸುಬಿನವರಿಗೆ ಇಂಥವೇ ಹೋಲಿಕೆ ಹೊಳೆಯುವುದು.

ಗ್ರಂಥಾಲಯದ ನೆಲಮಾಳಿಗೆ. ಸಂಜೆ ಏಳು.
ಇಡೀ ದಿನ ಕಂಡವರ ನಾಲಿಗೆಯ ಜೊತೆ ಏಗಿ ಬಂದವರಿಗೆ
ಸಂಬಳವಿಲ್ಲದ ಎರಡನೆಯ ಪಾಳಿ.
ಫಿಲೊಮಿನಾ ತಂದ ಕಾಕಂಬಿ ಬನ್ನು,
ತಳ ಸುಟ್ಟ ಕೆಟಲು,
ಸಂಘದ ಖಾತೆಯಲ್ಲಿ ಇನ್ನೂರ ಹನ್ನೊಂದು ಡಾಲರು.

ವಿಷಯ ಒಂದು: ಕರಪತ್ರ.
ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರ
ಮನೆಯವರ ಕೈಗೆ ಕೊಡಲು ಒಂದೇ ಒಂದು ಹಾಳೆ.
ಅದರ ಮೊದಲ ಸಾಲಿಗೆ ಇದು ಮೂರನೆಯ ಚಳಿಗಾಲ.
'ಕಳೆದುಕೊಂಡ' ಅನ್ನಬಾರದು, ಅಂದಳು ಬ್ರೈಡಿ,
ಕಳೆದಿಲ್ಲ, ಒಳಗೇ ಇದೆ.
'ನಷ್ಟ'? ಅದು ಅಂಗಡಿ ಲೆಕ್ಕದ ಮಾತು, ಅಂದೆ ನಾನು.
'ತೊಂದರೆ' ತೀರಾ ತೆಳು.
'ವ್ಯತ್ಯಯ' ಅಂದರೆ ಕರೆಂಟು ಹೋದ ಹಾಗೆ.
ಮಾತು ಬಲ್ಲವರಿಗೆ ಜಗಳವಿಲ್ಲವಂತೆ!
ಆ ಗಾದೆ ಕಟ್ಟಿದವರು ಯಾವ ಸಮಿತಿಯಲ್ಲೂ ಕೂತವರಲ್ಲ.
ಊಟ ಬಲ್ಲವರಿಗೆ ರೋಗವಿಲ್ಲ ಎಂಬ ಇನ್ನರ್ಧಕ್ಕೆ
ನುಂಗುವಿಕೆಯ ಉಪಸಮಿತಿ ಬೇರೆ ಇದೆ,
ಅವರು ಸೇರುವುದು ಗುರುವಾರ.

ಅತಿಥಿ ಲಿಯಾಂಡರ್ ಟಿಜ್ಜರ್ಡ್.
ಮೂವತ್ತೊಂದು ವರ್ಷ ಫೆರಿಯ ಎಂಜಿನ್ ಕೋಣೆಯಲ್ಲಿದ್ದವರು,
ಪಿಸ್ಟನ್ನಿನ ಕೆಮ್ಮು ಕೇಳಿಯೇ ರೋಗ ಹೇಳುತ್ತಿದ್ದವರಂತೆ.
ಈಗ ಅವರ ಬಲಗೈ ಮಡಿಲಲ್ಲಿ,
ಯಾರದೋ ಮಗುವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳುತ್ತಿರುವ ಹಾಗೆ.
ನಿಯಮಾವಳಿ ಹೇಳುತ್ತದೆ: ಅನುಭವಸ್ಥರೊಬ್ಬರು ಇರತಕ್ಕದ್ದು.
ಇದ್ದರು. ಕಳೆದ ಮೂರು ಸಭೆಗಳಲ್ಲಿ ಅವರ ಹೆಸರಿನ ಮುಂದೆ
ನಾನು ಬರೆದದ್ದು ಬರೀ 'ಹಾಜರು'.

ಏಳೂ ನಲವತ್ತಕ್ಕೆ ಅವರ ಎಡಗೈ ಮೇಜಿನ ಮೇಲೆ ಬಂತು.
ಬಾಯಿ ತೆರೆಯಿತು.
ಕಾಯಬೇಕು, ಗೊತ್ತು. ಅದನ್ನೇ ಹೇಳಿಕೊಡುವವರು ನಾವು:
ತುಂಬಿಕೊಡಬೇಡಿ, ಊಹಿಸಬೇಡಿ, ಗಡಿಯಾರ ನೋಡಬೇಡಿ.
ಹೇಳಿಕೊಡುವುದು ಸುಲಭ.
ಬ್ರೈಡಿ ಬನ್ನಿನ ಚೂರುಗಳನ್ನು ಒತ್ತಿ ಒತ್ತಿ
ಬೆರಳಿಗೆ ಅಂಟಿಸಿಕೊಂಡಳು.
ಫಿಲೊಮಿನಾಳ ತುಟಿ ಆಗಲೇ ಒಂದು 'ಮ' ಕಟ್ಟಿ
ಸಾಲ ಕೊಡಲು ತಯಾರಾಗಿತ್ತು; ಕಚ್ಚಿ ಹಿಡಿದಳು.
ನಾನು ಗಡಿಯಾರ ನೋಡಿದೆ.
ಬರೆದಿಡುತ್ತೇನೆ: ನೋಡಿದೆ.
ಎರಡು ನಿಮಿಷ.
ಮೇಲೆ ಯಾರೋ ಪುಸ್ತಕದ ಗಾಡಿ ತಳ್ಳಿದರು.
ಮೂರು.
'ಲೈನು ಕಟ್ಟಾಯಿತೇ?' ಕೇಳಿತು ಗೂಸ್ ಬೇ.
ಯಾರೂ ಉತ್ತರಿಸಲಿಲ್ಲ.
ಅವರ ಕತ್ತಿನ ನರ ಬಿಗಿದ ಹಗ್ಗ,
ದಡ ಕಾಣುತ್ತಿದೆ, ಹಡಗು ತಾಗುತ್ತಿಲ್ಲ.
ಆಮೇಲೆ,

'ಕಾಯಿರಿ.'

ಕಾದೆವು.
ಇನ್ನೂ ಏನೋ ಹೇಳುವವರಿದ್ದಾರೆಂದು
ಮೈಯೆಲ್ಲ ಕಿವಿಯಾಗಿ ಇನ್ನೊಂದು ನಿಮಿಷ ಕಾದೆವು.
ಅವರು ನಕ್ಕುಬಿಟ್ಟರು.
ನಗುವಿಗೆ ನಷ್ಟವೂ ಇಲ್ಲ, ವ್ಯತ್ಯಯವೂ ಇಲ್ಲ.
ನನ್ನ ಮುಂದಿದ್ದ ಹಾಳೆಯನ್ನು ಎಳೆದುಕೊಂಡು
ಖಾಲಿಯಿದ್ದ ಮೊದಲ ಸಾಲಿನ ಮೇಲೆ
ಉಗುರಿನಿಂದ ಟಕ್ ಟಕ್ ಬಡಿದರು,
ಸಡಿಲ ಮೊಳೆ ತೋರಿಸುವವರ ಹಾಗೆ.

ಸೂಚಿಸಿದವರು: ಬ್ರೈಡಿ. ಅನುಮೋದಿಸಿದ್ದು: ಫೋನು.
ಕೇಂದ್ರ ಕಚೇರಿಯವರು ಇದನ್ನು ಹಿಂದಕ್ಕೆ ಕಳಿಸಬಹುದು,
ಅವರಿಗೆ ಮೊದಲು ವ್ಯಾಖ್ಯೆ ಬೇಕು, ಅಂಕಿ ಅಂಶ ಬೇಕು.
ಕಳಿಸಲಿ.
ವಿಷಯ ಎರಡು, ಮೂರು: ಮುಂದಿನ ಸಭೆಗೆ.
ಏಳೂ ನಲವತ್ತರಿಂದ ಏಳೂ ನಲವತ್ತಮೂರರವರೆಗೆ
ಶ್ರೀ ಟಿಜ್ಜರ್ಡ್ ಮಾತಾಡಿದರು, ಎಂದು ಬರೆದೆ.
'ಮೌನ' ಎಂದು ಮೊದಲು ಬರೆದದ್ದನ್ನು ಹೊಡೆದುಹಾಕಿದ್ದೇನೆ,
ಗೀಟು ಕಾಣುವ ಹಾಗೆಯೇ.

ಹೊರಗೆ ಹಿಮ ಕಾಲಡಿ ಕರುಂ ಕುರುಂ.
ನನ್ನ ಕಾರು ಕೆಮ್ಮಿ ಕೆಮ್ಮಿ ಸುಮ್ಮನಾಯಿತು.
ಟಿಜ್ಜರ್ಡ್ ಬಾನೆಟ್ಟಿಗೆ ಕಿವಿಗೊಟ್ಟರು,
ಎಡಗೈಯಲ್ಲಿ ಒಂದು ಏಟು ಕೊಟ್ಟು
ಬೈದರು: ಇಡಿಯಾಗಿ, ಸ್ಫುಟವಾಗಿ,
ಮೂರು ಪದ, ಒಂದಕ್ಷರವೂ ತಡವರಿಸದೆ.
ಬೈಗುಳಕ್ಕೆ ಮಿದುಳಲ್ಲಿ ಬೇರೆಯೇ ಓಣಿಯಿದೆ,
ಪರೀಕ್ಷೆಗೆ ಓದಿ ಪಾಸಾಗಿದ್ದೆ.
ಕಾರು ಹೊರಟಿತು.
ಇದನ್ನು ನಡಾವಳಿಗೆ ಸೇರಿಸಿಲ್ಲ.